ಒಂದು ಪಾಠ, ಹಲವು ಯಂತ್ರಗಳು

ನಮ್ಮ ಸೊಲ್ಲಾಪುರ, ಅಕ್ಕಲಕೋಟಗಳ ಸೀಮೆಯಲ್ಲಿ ಹುಟ್ಟಿದ ಮಗುವು ಮನೆಯಲ್ಲಿ ಕನ್ನಡವನ್ನೂ, ಪೇಟೆಯಲ್ಲಿ ಮರಾಠಿಯನ್ನೂ, ನೇಕಾರರ ಓಣಿಯಲ್ಲಿ ತೆಲುಗನ್ನೂ ಕೇಳುತ್ತ ಬೆಳೆಯುತ್ತದೆ. ಯಾರೊಡನೆ ಯಾವ ನುಡಿಯಲ್ಲಿ ಮಾತಾಡಬೇಕೆಂಬುದನ್ನು ಅದಕ್ಕೆ ಯಾರೂ ಪಾಠ ಹೇಳಿ ಕಲಿಸುವದಿಲ್ಲ. ಎದುರಿಗೆ ನಿಂತವರು ಯಾರೆಂಬುದನ್ನು ಅದು ಮೊದಲು ಗುರುತಿಸುತ್ತದೆ. ಬಳಿಕ ತಕ್ಕ ನುಡಿಯನ್ನು ಆರಿಸಿಕೊಳ್ಳುತ್ತದೆ. ಹೇಳಬೇಕಾದ ಸಂಗತಿ ಒಂದೇ, ಹೇಳುವ ಬಗೆ ಮಾತ್ರ ಬೇರೆ.

ನಮ್ಮ ಪಠ್ಯಪುಸ್ತಕಗಳ ವಿಷಯದಲ್ಲಿಯೂ ಇದೇ ನಡೆಯುತ್ತದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡ, ಉರ್ದು, ಹಿಂದಿ, ಗುಜರಾತಿ, ತೆಲುಗು ಮೊದಲಾದ ಮಾಧ್ಯಮಗಳ ಮಕ್ಕಳಿಗಾಗಿ ಪುಸ್ತಕಗಳನ್ನು ಸಿದ್ಧಗೊಳಿಸುತ್ತದೆ. ನಮ್ಮ ಹುಡುಗನ ಕನ್ನಡ ಗಣಿತ ಪುಸ್ತಕದಲ್ಲಿಯೂ, ನೆರೆಮನೆಯ ಹುಡುಗನ ಮರಾಠಿ ಗಣಿತ ಪುಸ್ತಕದಲ್ಲಿಯೂ ತ್ರಿಕೋನದ ಮೂರು ಕೋನಗಳ ಮೊತ್ತವು 180 ಡಿಗ್ರಿಯೇ ಆಗಿರುತ್ತದೆ. ವಿಷಯವು ಒಂದು, ಹೊರಬರುವ ಪುಸ್ತಕಗಳು ಹಲವು.

ಗಣಕಯಂತ್ರದ ತಂತ್ರಾಂಶಕ್ಕೂ ಈ ಸ್ಥಿತಿಯೇ ಒದಗಿದೆ. ಶಾಲೆಯ ಗಣಕ ಕೋಣೆಯಲ್ಲಿ ವಿಂಡೋಸ್ ಇರಬಹುದು. ಮತ್ತೊಂದು ಶಾಲೆಯಲ್ಲಿ ಲಿನಕ್ಸ್ ಇರಬಹುದು. ಮನೆಯಲ್ಲಿ ತಂದೆಯ ಕೈಯಲ್ಲಿ ಆಂಡ್ರಾಯ್ಡ್ ಫೋನು ಇರಬಹುದು. ಕನ್ನಡ ಕಲಿಸುವ ಒಂದು ಚಿಕ್ಕ ತಂತ್ರಾಂಶವನ್ನು ಒಬ್ಬರು ರಚಿಸಿದರೆ, ಅದು ಈ ಮೂರರಲ್ಲಿಯೂ ನಡೆಯಬೇಕು. ಹಾಗಾದರೆ ತಂತ್ರಾಂಶವು ತಾನು ಯಾವ ಯಂತ್ರಕ್ಕಾಗಿ ಸಿದ್ಧವಾಗುತ್ತಿರುವೆನೆಂಬುದನ್ನು ಹೇಗೆ ಅರಿಯುತ್ತದೆ? ಕರಡು ರೂಪದಲ್ಲಿರುವೆನೋ, ಪೂರ್ಣರೂಪದಲ್ಲಿರುವೆನೋ ಎಂಬುದನ್ನು ಹೇಗೆ ತಿಳಿಯುತ್ತದೆ? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸೋಣ.

1. ಮೂಲಪಾಠವೂ ಕಂಪೈಲರೂ

ಮನುಷ್ಯನು ಬರೆಯುವ ತಂತ್ರಾಂಶದ ಬರಹಕ್ಕೆ ಮೂಲಪಾಠವೆನ್ನೋಣ. ಯಂತ್ರವು ಅದನ್ನು ನೇರವಾಗಿ ಅರಿಯದು. ಮೂಲಪಾಠವನ್ನು ಓದಿ ಯಂತ್ರದ ನುಡಿಗೆ ತಿರುಗಿಸುವ ಸಾಧನಕ್ಕೆ ಕಂಪೈಲರು ಎಂದು ಹೆಸರು. ಹಾಗೆ ತಿರುಗಿಸಿ, ನಡೆಯಬಲ್ಲ ಕಡತವನ್ನು ಸಿದ್ಧಗೊಳಿಸುವ ಇಡೀ ಕೆಲಸಕ್ಕೆ ನಾವು ಇಲ್ಲಿ ಕಟ್ಟುವಿಕೆ ಎಂದು ಕರೆಯುತ್ತೇವೆ.

1972ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ಸಿ ಎಂಬ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಆ ಭಾಷೆಯಲ್ಲಿ ಮರಳಿ ಬರೆಯಲಾಯಿತು. ಅದಕ್ಕೂ ಮೊದಲು ಇಂಥ ವ್ಯವಸ್ಥೆಗಳನ್ನು ಬಹುಮಟ್ಟಿಗೆ ಆಯಾ ಯಂತ್ರದ ನುಡಿಗೆ ಹತ್ತಿರವಾದ ಸಂಕೇತಗಳಲ್ಲಿ ಬರೆಯುತ್ತಿದ್ದರು. ಯಂತ್ರವು ಬದಲಾದರೆ ಬರಹವೆಲ್ಲ ವ್ಯರ್ಥ. ಸಿ ಭಾಷೆ ಬಂದ ಬಳಿಕ ಒಂದೇ ಮೂಲಪಾಠವನ್ನು ಬೇರೆ ಬೇರೆ ಯಂತ್ರಗಳಿಗೆ ತಿರುಗಿಸುವ ದಾರಿ ತೆರೆಯಿತು.

ದಾರಿಯೇನೋ ತೆರೆಯಿತು, ಆದರೆ ಅದು ಸಮತಟ್ಟಾದ ದಾರಿಯಲ್ಲ. ಕಾರ್ಯವ್ಯವಸ್ಥೆಯೆಂದರೆ ಯಂತ್ರದ ಮನೆವಾರ್ತೆಯನ್ನು ನೋಡಿಕೊಳ್ಳುವ ಯಜಮಾನನಿದ್ದಂತೆ. ಪ್ರತಿಯೊಬ್ಬ ಯಜಮಾನನ ಪದ್ಧತಿಯೂ ಬೇರೆ. ಕೆಲವು ಭೇದಗಳನ್ನು ನೋಡಿರಿ.

ಒಂದು, ಕಡತದ ವಿಳಾಸವನ್ನು ಬರೆಯುವಾಗ ವಿಂಡೋಸ್ ಎಡಕ್ಕೆ ವಾಲಿದ ಓರೆಗೆರೆಯನ್ನು ಬಳಸುವದು ರೂಢಿ. ಲಿನಕ್ಸಿನಲ್ಲಿ ಬಲಕ್ಕೆ ವಾಲಿದ ಓರೆಗೆರೆ.

ಎರಡು, ಸಾಲು ಮುಗಿಯಿತೆಂದು ತೋರಿಸಲು ವಿಂಡೋಸಿನ ಬರಹ ಕಡತಗಳು ಎರಡು ಗುರುತುಗಳನ್ನು ಇಡುತ್ತವೆ. ಲಿನಕ್ಸಿನವು ಒಂದನ್ನೇ ಇಡುತ್ತವೆ.

ಮೂರು, ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಕಡತದ ಹೆಸರುಗಳಲ್ಲಿ ಲಿನಕ್ಸ್ ಎಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಎಣಿಸುವದಿಲ್ಲ. ಆದುದರಿಂದ ವಿಂಡೋಸಿನಲ್ಲಿ ಸರಿಯಾಗಿ ನಡೆದ ತಂತ್ರಾಂಶವು ಲಿನಕ್ಸಿನಲ್ಲಿ ಕಡತವೇ ಇಲ್ಲವೆಂದು ಹೇಳಬಹುದು.

2. ಗುರುತಿಸುವ ಬಗೆ

ಸಿ ಭಾಷೆಯ ಕಂಪೈಲರಿನಲ್ಲಿ ಪ್ರಿಪ್ರೊಸೆಸರ್ ಎಂಬ ಒಂದು ಅಂಗವುಂಟು. ಮೂಲಪಾಠವು ನಿಜವಾಗಿ ತಿರುಗುವ ಮೊದಲು ಅದನ್ನು ಸಜ್ಜುಗೊಳಿಸುವದು ಇದರ ಕೆಲಸ. "ಇಂಥ ಗುರುತು ಇದ್ದರೆ ಈ ಸಾಲುಗಳನ್ನು ಉಳಿಸು, ಇಲ್ಲದಿದ್ದರೆ ತೆಗೆದುಬಿಡು" ಎಂಬ ಆಜ್ಞೆಯನ್ನು ಅದು ಪಾಲಿಸುತ್ತದೆ. ತೆಗೆದ ಸಾಲುಗಳು ಕಂಪೈಲರಿನ ಕಣ್ಣಿಗೇ ಬೀಳುವದಿಲ್ಲ.

ಗುರುತುಗಳನ್ನು ಯಾರು ಇಡುತ್ತಾರೆ? ಬಹಳಷ್ಟನ್ನು ಕಂಪೈಲರೇ ಇಟ್ಟುಕೊಂಡು ಬರುತ್ತದೆ. ವಿಂಡೋಸಿಗಾಗಿ ತಿರುಗಿಸುವಾಗ ವಿನ್32 ಎಂಬ ಗುರುತು ಇರುತ್ತದೆ. ಅದರ ಮುಂದೆ ಒಂದು ಅಡಿಗೆರೆಯುಂಟು. ಲಿನಕ್ಸಿಗಾಗಿ ತಿರುಗಿಸುವಾಗ ಲಿನಕ್ಸ್ ಎಂಬ ಗುರುತು. ಅದರ ಹಿಂದೆ ಮುಂದೆ ಎರಡೆರಡು ಅಡಿಗೆರೆಗಳು. ಆಪಲ್ ಕಂಪನಿಯ ಯಂತ್ರಗಳಿಗೆ ಆಪಲ್ ಎಂಬ ಗುರುತು, ಆಂಡ್ರಾಯ್ಡಿಗೆ ಆಂಡ್ರಾಯ್ಡ್ ಎಂಬ ಗುರುತು.

ಇಷ್ಟೇ ಆದರೆ ಕೆಲಸ ಸುಲಭವಾಗಿತ್ತು. ಆದರೆ ಈ ಹೆಸರುಗಳನ್ನು ಕಂಡಷ್ಟಕ್ಕೇ ನಂಬುವಂತಿಲ್ಲ. ವಿನ್32 ಎಂಬುದು 32 ಬಿಟ್ಟಿನ ಯಂತ್ರಕ್ಕೆ ಮಾತ್ರವೆಂದು ತೋರುತ್ತದೆ. ನಿಜವಾಗಿ 64 ಬಿಟ್ಟಿನ ವಿಂಡೋಸಿಗಾಗಿ ಕಟ್ಟುವಾಗಲೂ ಅದು ಇರುತ್ತದೆ. 64 ಬಿಟ್ಟಿಗಷ್ಟೇ ಬೇಕಾದರೆ ವಿನ್64 ಎಂಬ ಇನ್ನೊಂದು ಗುರುತನ್ನು ಕೇಳಬೇಕು. ಆಪಲ್ ಎಂಬ ಗುರುತು ಮೇಜಿನ ಮೇಲಣ ಮ್ಯಾಕ್ ಯಂತ್ರಕ್ಕೂ, ಕೈಯಲ್ಲಿ ಹಿಡಿಯುವ ಐಫೋನಿಗೂ ಒಂದೇ. ಎಲ್ಲಕ್ಕಿಂತ ಮುಖ್ಯವಾದುದು ಆಂಡ್ರಾಯ್ಡಿನ ಸಂಗತಿ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ತಿರುಳಿನ ಮೇಲೆಯೇ ಆಂಡ್ರಾಯ್ಡ್ ನಿಂತಿದೆ. ಆದಕಾರಣ ಆಂಡ್ರಾಯ್ಡಿಗಾಗಿ ತಿರುಗಿಸುವಾಗ ಎರಡೂ ಗುರುತುಗಳು ಇರುತ್ತವೆ: ಆಂಡ್ರಾಯ್ಡ್ ಎಂಬುದೂ, ಲಿನಕ್ಸ್ ಎಂಬುದೂ.

ಹೀಗಿರಲು ಕೇಳುವ ಕ್ರಮಕ್ಕೆ ಮಹತ್ವವುಂಟು. ಜಿಲ್ಲೆಯ ಕ್ರೀಡಾಕೂಟದಲ್ಲಿ ಅಕ್ಕಲಕೋಟ ತಾಲೂಕಿನ ಮಕ್ಕಳನ್ನು ಒಂದು ಸಾಲಿನಲ್ಲಿಯೂ, ಉಳಿದ ಸೊಲ್ಲಾಪುರ ಜಿಲ್ಲೆಯವರನ್ನು ಇನ್ನೊಂದು ಸಾಲಿನಲ್ಲಿಯೂ ನಿಲ್ಲಿಸಬೇಕಾಗಿದೆಯೆಂದು ತಿಳಿಯಿರಿ. "ನೀನು ಸೊಲ್ಲಾಪುರ ಜಿಲ್ಲೆಯವನೇನು?" ಎಂದು ಮೊದಲು ಕೇಳಿದರೆ ಅಕ್ಕಲಕೋಟದ ಹುಡುಗನೂ ಹೌದೆನ್ನುವನು, ತಪ್ಪು ಸಾಲಿಗೆ ಹೋಗುವನು. ಅವನು ಸುಳ್ಳು ಹೇಳಲಿಲ್ಲ. ಕೇಳಿದವರ ಕ್ರಮವೇ ತಪ್ಪಿತು. "ಅಕ್ಕಲಕೋಟದವನೇನು?" ಎಂದು ಮೊದಲು ಕೇಳಿ, ಬಳಿಕ ಜಿಲ್ಲೆಯನ್ನು ಕೇಳಬೇಕು. ಕಿರಿದಾದ ಪ್ರಶ್ನೆಯು ಮೊದಲು, ವಿಶಾಲವಾದ ಪ್ರಶ್ನೆಯು ಆಮೇಲೆ.

ನಮ್ಮ ಕಲ್ಪನೆಯ ಕನ್ನಡ ಪಾಠದ ತಂತ್ರಾಂಶದಲ್ಲಿ ಈ ಕ್ರಮವನ್ನು ಹೀಗೆ ಬರೆಯಬಹುದು:

ಆಂಡ್ರಾಯ್ಡ್ ಗುರುತು ಇದ್ದರೆ: ತಂತ್ರಾಂಶದ ಪೊಟ್ಟಣದೊಳಗಿನ ಪಾಠವನ್ನು ತೆರೆ.
ಅದಿಲ್ಲದೆ ಲಿನಕ್ಸ್ ಗುರುತು ಇದ್ದರೆ: ಕೋಶದಲ್ಲಿಟ್ಟ ಪಾಠವನ್ನು ತೆರೆ.
ಅದೂ ಇಲ್ಲದೆ ವಿನ್32 ಗುರುತು ಇದ್ದರೆ: ವಿಂಡೋಸಿನ ಪದ್ಧತಿಯಂತೆ ತೆರೆ.
ಯಾವದೂ ಇಲ್ಲದಿದ್ದರೆ: "ಈ ವ್ಯವಸ್ಥೆಯು ಗೊತ್ತಿಲ್ಲ" ಎಂದು ತಿಳಿಸಿ ಕಟ್ಟುವಿಕೆಯನ್ನು ನಿಲ್ಲಿಸು.

ಮೊದಲ ಎರಡು ಸಾಲುಗಳನ್ನು ಅದಲು ಬದಲು ಮಾಡಿದರೆ ಏನಾಗುವದು? ಆಂಡ್ರಾಯ್ಡ್ ಫೋನಿನಲ್ಲಿ ತಂತ್ರಾಂಶದೊಡನೆ ಬಂದ ಪಾಠಗಳು ಒಂದು ಮುಚ್ಚಿದ ಪೊಟ್ಟಣದೊಳಗೆ ಇರುತ್ತವೆ. ಅವನ್ನು ಸಾಮಾನ್ಯ ಕಡತದಂತೆ ವಿಳಾಸ ಹೇಳಿ ತೆರೆಯಲು ಬರುವದಿಲ್ಲ. ಲಿನಕ್ಸಿನ ದಾರಿ ಹಿಡಿದ ತಂತ್ರಾಂಶವು ಕೋಶವನ್ನು ಹುಡುಕಿ, ಕಾಣದೆ, ಬರಿದಾದ ಪರದೆಯನ್ನು ತೋರಿಸುವದು. ಗಣಕ ಕೋಣೆಯಲ್ಲಿ ಚೆನ್ನಾಗಿ ನಡೆದ ಪಾಠವು ಮನೆಯ ಫೋನಿನಲ್ಲಿ ಮೂಕವಾಗುವದು.

ಕೊನೆಯ ಸಾಲನ್ನೂ ಮರೆಯಬಾರದು. ಗೊತ್ತಿಲ್ಲದ ಯಂತ್ರವು ಎದುರಾದಾಗ "ಇದು ಲಿನಕ್ಸೇ ಇದ್ದೀತು" ಎಂದು ಊಹಿಸುವದು ಅಪಾಯಕರ. ಸಿ ಭಾಷೆಯಲ್ಲಿ ಎರರ್ ಎಂಬ ನಿರ್ದೇಶನವು ಇದಕ್ಕಾಗಿಯೇ ಇದೆ. ಅದು ಕಟ್ಟುವಿಕೆಯನ್ನು ಅಲ್ಲಿಯೇ ನಿಲ್ಲಿಸಿ ಕಾರಣವನ್ನು ಹೇಳುತ್ತದೆ. ತಯಾರಕನ ಮೇಜಿನ ಮೇಲೆ ನಿಂತ ಕೆಲಸವನ್ನು ತಿದ್ದಬಹುದು. ಮಗುವಿನ ಕೈಯಲ್ಲಿ ನಿಂತ ಕೆಲಸವನ್ನು ಯಾರು ತಿದ್ದಬೇಕು?

3. ಅಕ್ಕಲಕೋಟ ಎಂಬ ಹೆಸರಿನ ಕಡತ

ಭೇದಗಳು ಕನ್ನಡಿಗರಾದ ನಮಗೆ ಹೇಗೆ ತಾಗುತ್ತವೆಂಬುದಕ್ಕೆ ಒಂದು ಉದಾಹರಣೆಯನ್ನು ನೋಡೋಣ. ಪಾಠದ ಕಡತಕ್ಕೆ ನಾವು ಕನ್ನಡದಲ್ಲಿಯೇ "ಅಕ್ಕಲಕೋಟ" ಎಂದು ಹೆಸರಿಟ್ಟೆವೆಂದು ತಿಳಿಯಿರಿ.

ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಈ ಹೆಸರು ಎಂಟು ಸಂಕೇತಗಳಿಂದ ಆಗುತ್ತದೆ: ಅ, ಕ, ವಿರಾಮದ ಚಿಹ್ನೆ, ಕ, ಲ, ಕ, ಓಕಾರದ ಚಿಹ್ನೆ, ಟ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಒಟ್ಟು 24 ಬೈಟುಗಳಾದವು. ವಿಂಡೋಸ್ ತನ್ನೊಳಗೆ ಬಳಸುವ ಯುಟಿಎಫ್-16 ಬರವಣಿಗೆಯಲ್ಲಿ ಒಂದೊಂದಕ್ಕೆ ಎರಡೇ ಬೈಟು. ಒಟ್ಟು 16 ಬೈಟುಗಳು. ಹೆಸರು ಒಂದೇ, ಒಳಗಿನ ರೂಪ ಬೇರೆ.

ಸಿ ಭಾಷೆಯಲ್ಲಿ ಕಡತವನ್ನು ತೆರೆಯುವ ಸಾಧಾರಣ ಆಜ್ಞೆಗೆ ಎಫ್‌ಓಪನ್ ಎಂದು ಹೆಸರು. ಲಿನಕ್ಸಿನಲ್ಲಿ ಅದಕ್ಕೆ 24 ಬೈಟುಗಳ ಹೆಸರನ್ನು ಕೊಟ್ಟರೆ ಕಡತವು ತೆರೆಯುತ್ತದೆ. ವಿಂಡೋಸಿನಲ್ಲಿ ಅದೇ ಆಜ್ಞೆಯು ಆ ಬೈಟುಗಳನ್ನು ಒಂದು ಹಳೆಯ ಸಂಕೇತಪುಟದ ಮೂಲಕ ಓದುವದು ರೂಢಿ. ವ್ಯವಸ್ಥೆಯ ಪುಟವಾಗಿ ಆರಿಸಲು ಕನ್ನಡಕ್ಕೆ ಅಂಥ ಹಳೆಯ ಪುಟವನ್ನು ವಿಂಡೋಸ್ ಎಂದೂ ಕೊಡಲಿಲ್ಲ. ಕನ್ನಡವು ಅಲ್ಲಿಗೆ ಯುನಿಕೋಡಿನೊಡನೆಯೇ ಬಂದಿತು. ಪರಿಣಾಮವೇನೆಂದರೆ, ಇಂಗ್ಲಿಷ್ ಹೆಸರಿನ ಕಡತವು ತೆರೆಯುತ್ತದೆ, ಕನ್ನಡ ಹೆಸರಿನದು ತೆರೆಯುವದಿಲ್ಲ. ಅಲ್ಲಿ ಅಗಲವಾದ ಅಕ್ಷರಗಳನ್ನು ಸ್ವೀಕರಿಸುವ ಬೇರೊಂದು ಆಜ್ಞೆಯನ್ನು ಬಳಸಬೇಕು. ಇಲ್ಲವೆ 2019ರ ವಿಂಡೋಸ್ 10ರ 1903ನೆಯ ಆವೃತ್ತಿಯಿಂದ ಬಂದ ಸೌಲಭ್ಯದಂತೆ, ತನಗೆ ಯುಟಿಎಫ್-8 ಪುಟವೇ ಬೇಕೆಂದು ತಂತ್ರಾಂಶವು ತನ್ನ ವಿವರಪತ್ರದಲ್ಲಿ ಮೊದಲೇ ಹೇಳಿಕೊಳ್ಳಬೇಕು.

ಮ್ಯಾಕ್ ಯಂತ್ರಗಳಲ್ಲಿ ಮತ್ತೊಂದು ಬಗೆಯ ತೊಡಕಿತ್ತು. 2017ರಲ್ಲಿ ಹೊಸ ಪದ್ಧತಿಯು ಬರುವವರೆಗೆ ಅಲ್ಲಿ ರೂಢಿಯಲ್ಲಿದ್ದ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ನಮ್ಮ ಓಕಾರದ ಒಂದು ಸಂಕೇತವು ಅಲ್ಲಿ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗುತ್ತಿತ್ತು. ಎಂಟು ಸಂಕೇತಗಳ ಅಕ್ಕಲಕೋಟವು ಹತ್ತು ಸಂಕೇತಗಳದಾಗುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ತಂತ್ರಾಂಶಕ್ಕೆ ಅವೆರಡು ಬೇರೆ ಬೇರೆ ಊರುಗಳು.

ಇಂಗ್ಲಿಷಿನಲ್ಲಿ ಮಾತ್ರ ಹೆಸರಿಟ್ಟು ಪರೀಕ್ಷಿಸುವ ತಯಾರಕನಿಗೆ ಈ ತೊಡಕುಗಳು ಕಾಣಿಸುವದೇ ಇಲ್ಲ. ಅವು ಮೊದಲು ಕಾಣುವದು ಕನ್ನಡದಲ್ಲಿ ಬರೆಯುವವರಿಗೆ. ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

4. ಹೆಸರನ್ನು ಕೇಳಬೇಕೋ, ಗುಣವನ್ನು ಕೇಳಬೇಕೋ?

ಒಬ್ಬ ಮನುಷ್ಯನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ "ನೀವು ಯಾವ ರಾಜ್ಯದವರು?" ಎಂದು ಕೇಳುವದು ಸರಿಯೆ? ಹಾಗೆ ಕೇಳಿದರೆ ಮಹಾರಾಷ್ಟ್ರದವರಾದ ನಮ್ಮನ್ನೆಲ್ಲ ಕನ್ನಡ ಬಾರದವರೆಂದು ಬದಿಗಿಡಬೇಕಾದೀತು! "ನಿಮಗೆ ಕನ್ನಡ ಬರುತ್ತದೆಯೆ?" ಎಂದು ನೇರವಾಗಿ ಕೇಳುವದೇ ನ್ಯಾಯ. ಯಂತ್ರಗಳ ವಿಷಯದಲ್ಲಿಯೂ ವ್ಯವಸ್ಥೆಯ ಹೆಸರಿನಿಂದ ಅದರ ಗುಣವನ್ನು ಊಹಿಸುವದಕ್ಕಿಂತ ಗುಣವನ್ನೇ ಪರೀಕ್ಷಿಸುವದು ಮೇಲು.

ಇದಕ್ಕೆ ಅಕ್ಷರರೂಪಗಳೇ ಸಾಕ್ಷಿ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಫಾಂಟು ಬಂದಿತು. "ವಿಂಡೋಸ್ ಎಂದಮೇಲೆ ತುಂಗಾ ಇದ್ದೇ ಇರುತ್ತದೆ" ಎಂದು ಬರೆದಿಟ್ಟ ತಂತ್ರಾಂಶವು ಅಂದು ಸರಿಯಾಗಿತ್ತು. 2012ರ ವಿಂಡೋಸ್ 8ರಲ್ಲಿ ನಿರ್ಮಲಾ ಎಂಬ ಫಾಂಟು ಭಾರತದ ಹಲವು ಲಿಪಿಗಳಿಗಾಗಿ ಬಂದಿತು. ವಿಂಡೋಸ್ 10ರಲ್ಲಿ ತುಂಗಾ ಫಾಂಟು ಬೇಕಾದವರು ಸೇರಿಸಿಕೊಳ್ಳುವ ಹೆಚ್ಚಿನ ಸಾಮಗ್ರಿಯಾಯಿತು. ವ್ಯವಸ್ಥೆಯ ಹೆಸರು ಬದಲಾಗಲಿಲ್ಲ, ಗುಣ ಬದಲಾಯಿತು. "ಈ ಯಂತ್ರದಲ್ಲಿ ಕನ್ನಡ ಅಕ್ಷರಗಳುಳ್ಳ ಫಾಂಟು ಯಾವದಿದೆ?" ಎಂದು ತಂತ್ರಾಂಶವು ನಡೆಯುವಾಗಲೇ ಕೇಳಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಈ ವಿವೇಕವು ಹೊಸತಲ್ಲ. 1991ರಲ್ಲಿ ಡೇವಿಡ್ ಮೆಕೆಂಜಿಯವರು ಆಟೋಕಾನ್ಫ್ ಎಂಬ ಸಾಧನವನ್ನು ಆರಂಭಿಸಿದರು. ಅದು ಕಟ್ಟುವಿಕೆಗೆ ಮುಂಚೆ ಚಿಕ್ಕ ಚಿಕ್ಕ ಪರೀಕ್ಷಾ ಪಾಠಗಳನ್ನು ಕಂಪೈಲರಿಗೆ ಕೊಟ್ಟು, ಯಾವ ಸೌಲಭ್ಯವಿದೆ, ಯಾವದಿಲ್ಲ ಎಂಬುದನ್ನು ಬರೆದಿಡುತ್ತದೆ. 1992ರಲ್ಲಿ ಹೆನ್ರಿ ಸ್ಪೆನ್ಸರ್, ಜೆಫ್ ಕಾಲಿಯರ್ ಎಂಬ ಇಬ್ಬರು ಒಂದು ಪ್ರಬಂಧದಲ್ಲಿ, ಮೂಲಪಾಠದ ತುಂಬ "ಇದ್ದರೆ, ಇಲ್ಲದಿದ್ದರೆ" ಎಂದು ಚದುರಿಸುವದರಿಂದಾಗುವ ಹಾನಿಯನ್ನು ವಿವರಿಸಿದರು. ಭೇದಗಳನ್ನೆಲ್ಲ ಒಂದೆಡೆಗೆ ಕೂಡಿಸಿಟ್ಟು, ಉಳಿದ ಪಾಠವನ್ನು ಶುದ್ಧವಾಗಿಡಬೇಕೆಂಬುದು ಅದರ ಸಾರ.

ಇಂದು ಕನ್ನಡಿಗರ ಕಣ್ಣಿಗೆ ಬೀಳುವ ಒತ್ತಕ್ಷರಗಳ ಹಿಂದೆಯೇ ಇದರ ಒಳ್ಳೆಯ ನಿದರ್ಶನವಿದೆ. ಕ, ವಿರಾಮ, ಕ ಎಂಬ ಮೂರು ಸಂಕೇತಗಳು ಬಂದಾಗ ಕ್ಕ ಎಂದು ಒತ್ತು ಕೊಟ್ಟು ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶವು ಮಾಡುತ್ತದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಇವೆಲ್ಲವೂ ಅದನ್ನು ಬಳಸುತ್ತವೆ. ಅದರ ಹೆಸರು ಪಾರಸಿ ಭಾಷೆಯದು. ಹರ್ಫ್ ಎಂದರೆ ಅಕ್ಷರ. ಅದರ ಮೂಲಪಾಠವು ಒಂದೇ, ಕಟ್ಟಿದ ರೂಪಗಳು ಹಲವು. ಆಪಲ್ ಯಂತ್ರದ ಕೋರ್‌ಟೆಕ್ಸ್ಟ್, ವಿಂಡೋಸಿನ ಡೈರೆಕ್ಟ್‌ರೈಟ್ ಎಂಬ ಸೌಲಭ್ಯಗಳನ್ನು ಅದು ಬೇಕಾದರೆ ಬಳಸಬಲ್ಲದು. ಆದರೆ ಮೂಲಪಾಠದಲ್ಲಿ ಅದು ಇವುಗಳಿಗೆ ಇಟ್ಟ ಗುರುತುಗಳು "ಕೋರ್‌ಟೆಕ್ಸ್ಟ್ ಉಂಟು", "ಡೈರೆಕ್ಟ್‌ರೈಟ್ ಉಂಟು" ಎಂಬ ಅರ್ಥದವು. ಮನೆ ಯಾರದೆಂದು ಕೇಳದೆ, ಮನೆಯಲ್ಲಿ ಬೇಕಾದ ಪಾತ್ರೆಯಿದೆಯೆ ಎಂದು ಕೇಳುವ ಬಗೆಯಿದು.

5. ಕಟ್ಟುವ ಯಂತ್ರ, ನಡೆಯುವ ಯಂತ್ರ

ಸೊಲ್ಲಾಪುರದ ಚಾದರವನ್ನು ನೇಯುವದು ಸೊಲ್ಲಾಪುರದಲ್ಲಿ. ಹೊದೆಯುವವನು ಹಿಮಾಲಯದ ತಪ್ಪಲಲ್ಲಿರಬಹುದು. ಚಾದರವು ಎಷ್ಟು ದಪ್ಪವಿರಬೇಕೆಂಬುದನ್ನು ನೇಕಾರನು ತನ್ನೂರಿನ ಬಿಸಿಲನ್ನು ನೋಡಿ ನಿಶ್ಚಯಿಸಿದರೆ ಹೊದೆಯುವವನು ನಡುಗಬೇಕಾಗುವದು. ಹೊದೆಯುವವನ ಊರಿನ ಚಳಿಯನ್ನು ನೋಡಿ ನಿಶ್ಚಯಿಸಬೇಕು.

ಫೋನಿನ ತಂತ್ರಾಂಶವನ್ನು ಸಾಮಾನ್ಯವಾಗಿ ಫೋನಿನಲ್ಲಿ ಕಟ್ಟುವದಿಲ್ಲ. ವಿಂಡೋಸ್ ಅಥವಾ ಲಿನಕ್ಸ್ ಯಂತ್ರದಲ್ಲಿ ಕಟ್ಟಿ ಫೋನಿಗೆ ಕಳಿಸುತ್ತಾರೆ. ಆಗ "ನಾನು ಯಾವ ಯಂತ್ರದಲ್ಲಿ ಕುಳಿತಿದ್ದೇನೆ?" ಎಂದು ಕೇಳಿದರೆ ಬರುವ ಉತ್ತರವು ನಿಜವಾದರೂ ನಿರುಪಯುಕ್ತ. ಯುನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ಯುನೇಮ್ ಎಂಬ ಆಜ್ಞೆಯುಂಟು. ಅದು ಲಿನಕ್ಸಿನಲ್ಲಿ ಲಿನಕ್ಸ್ ಎಂದೂ, ಮ್ಯಾಕ್ ಯಂತ್ರದಲ್ಲಿ ಡಾರ್ವಿನ್ ಎಂದೂ ಉತ್ತರಿಸುತ್ತದೆ. ಆದರೆ ಅದು ಹೇಳುವದು ಕಟ್ಟುವ ಯಂತ್ರದ ಹೆಸರನ್ನು. ಕಂಪೈಲರು ಇಟ್ಟುಕೊಂಡು ಬರುವ ಗುರುತುಗಳಾದರೋ ನಡೆಯಬೇಕಾದ ಯಂತ್ರದವು. ಈ ಭೇದವು ಅತ್ಯಂತ ಮಹತ್ವದ್ದು.

2000ನೆಯ ಇಸವಿಯಲ್ಲಿ ಆರಂಭವಾದ ಸೀಮೇಕ್ ಎಂಬ ಕಟ್ಟುವಿಕೆಯ ಸಾಧನವು ಇದಕ್ಕಾಗಿ ಎರಡು ಬೇರೆ ಹೆಸರುಗಳನ್ನು ಇಟ್ಟಿದೆ. ಸಿಸ್ಟಮ್ ನೇಮ್ ಎಂಬುದು ನಡೆಯಬೇಕಾದ ವ್ಯವಸ್ಥೆ. ಹೋಸ್ಟ್ ಸಿಸ್ಟಮ್ ನೇಮ್ ಎಂಬುದು ಕಟ್ಟುವ ವ್ಯವಸ್ಥೆ. ಒಂದೇ ಯಂತ್ರದಲ್ಲಿ ಕಟ್ಟಿ ಅಲ್ಲಿಯೇ ನಡೆಸುವವರೆಗೆ ಎರಡಕ್ಕೂ ಉತ್ತರವೊಂದೇ. ಫೋನಿಗಾಗಿ ಕಟ್ಟಿದ ದಿನವೇ ಅವು ಅಗಲುತ್ತವೆ.

6. ಕರಡಚ್ಚು ಮತ್ತು ಪೂರ್ಣಮುದ್ರಣ

ಇನ್ನು ಎರಡನೆಯ ಪ್ರಶ್ನೆ. ಈ ಸಂಚಿಕೆಯು ಮುದ್ರಣಾಲಯಕ್ಕೆ ಹೋದಾಗ ಮೊದಲು ಕರಡಚ್ಚು ಬರುತ್ತದೆ. ಅದರ ಅಂಚಿನಲ್ಲಿ ತಿದ್ದುಪಡಿಗಳು, ಪ್ರಶ್ನಾರ್ಥಕ ಚಿಹ್ನೆಗಳು ಇರುತ್ತವೆ. ಓದುಗರ ಕೈಗೆ ಬರುವ ಪ್ರತಿಯಲ್ಲಿ ಅವು ಇರಬಾರದು. ತಂತ್ರಾಂಶದಲ್ಲಿ ಕರಡಚ್ಚಿನಂಥ ಕಟ್ಟುವಿಕೆಗೆ ಡೀಬಗ್ ಎಂದೂ, ಪೂರ್ಣಮುದ್ರಣದಂಥದಕ್ಕೆ ರಿಲೀಸ್ ಎಂದೂ ಹೆಸರು. ಡೀಬಗ್ ರೂಪದಲ್ಲಿ ತಪ್ಪು ಯಾವ ಸಾಲಿನಲ್ಲಿದೆಯೆಂದು ಹುಡುಕಲು ಬೇಕಾದ ವಿವರಗಳು ಇರುತ್ತವೆ, ವೇಗವು ಕಡಿಮೆ. ರಿಲೀಸ್ ರೂಪದಲ್ಲಿ ವೇಗವು ಹೆಚ್ಚು, ವಿವರಗಳು ಕಡಿಮೆ. ಸೀಮೇಕಿನಲ್ಲಿ ಇವೆರಡರ ಜೊತೆಗೆ, ವೇಗವೂ ವಿವರವೂ ಇರುವ ಒಂದು ರೂಪ, ಗಾತ್ರವನ್ನು ಕುಗ್ಗಿಸುವ ಇನ್ನೊಂದು ರೂಪ, ಹೀಗೆ ಒಟ್ಟು ನಾಲ್ಕುಂಟು.

ಡೀಬಗ್ಗೋ ರಿಲೀಸೋ ಎಂದು ಮೂಲಪಾಠವು ತಿಳಿಯುವ ಪ್ರಸಿದ್ಧವಾದ ಗುರುತು ಎನ್‌ಡೀಬಗ್. "ಡೀಬಗ್ ಅಲ್ಲ" ಎಂಬುದು ಅದರ ಭಾವ. ಇದನ್ನು ಕಂಪೈಲರು ತಾನಾಗಿ ಇಡುವದಿಲ್ಲ, ಕಟ್ಟುವವರು ಇಡಬೇಕು. ಸೀಮೇಕ್ ತನ್ನ ಡೀಬಗ್ಗಲ್ಲದ ಮೂರು ರೂಪಗಳಲ್ಲಿಯೂ ಇದನ್ನು ರೂಢಿಯಂತೆ ಇಡುತ್ತದೆ. ಆದರೆ ರೂಪವನ್ನು ಹೆಸರಿಸದೆಯೇ ಕಟ್ಟಿದರೆ ಹಲವೆಡೆ ಆ ಗುರುತೂ ಇರುವದಿಲ್ಲ, ಹುಡುಕುವ ವಿವರಗಳೂ ಇರುವದಿಲ್ಲ, ವೇಗವೂ ಇರುವದಿಲ್ಲ. ಆದಕಾರಣ ಎನ್‌ಡೀಬಗ್ ಇಲ್ಲವೆಂಬ ಮಾತ್ರಕ್ಕೆ ಅದು ಡೀಬಗ್ಗೇ ಎಂದು ತೀರ್ಮಾನಿಸಬಾರದು. ರೂಪವನ್ನು ಬಾಯಿಬಿಟ್ಟು ಹೇಳಿಯೇ ಕಟ್ಟಬೇಕು.

ಈ ಗುರುತಿನೊಡನೆ ಒಂದು ಹಳೆಯ ಗುಂಡಿಯೂ ಉಂಟು. ಸಿ ಭಾಷೆಯಲ್ಲಿ ಅಸರ್ಟ್ ಎಂಬ ಪರೀಕ್ಷಕನಿದ್ದಾನೆ. "ಇದು ನಿಜವಾಗಿರಲೇಬೇಕು, ಇಲ್ಲದಿದ್ದರೆ ನಿಲ್ಲು" ಎಂದು ಅವನಿಗೆ ಹೇಳಿಡಬಹುದು. ಎನ್‌ಡೀಬಗ್ ಇದ್ದಾಗ ಅವನು ಪೂರ್ತಿಯಾಗಿ ಮಾಯವಾಗುತ್ತಾನೆ; ಅವನ ಆವರಣದೊಳಗೆ ಬರೆದುದೂ ಅವನೊಡನೆ ಮಾಯ.

ತಪ್ಪು: ಅಸರ್ಟ್ (ಪಾಠವನ್ನು ತೆರೆ).
ಸರಿ: ಫಲ = ಪಾಠವನ್ನು ತೆರೆ. ಫಲವು ಇಲ್ಲವಾದರೆ, ಕಾರಣವನ್ನು ಕನ್ನಡದಲ್ಲಿ ತೋರಿಸಿ ನಿಲ್ಲು.

ಮೊದಲನೆಯ ಬಗೆಯಲ್ಲಿ ಬರೆದುದು ತಯಾರಕನ ಡೀಬಗ್ ಯಂತ್ರದಲ್ಲಿ ನೂರು ಸಲ ಪರೀಕ್ಷಿಸಿದರೂ ಸರಿಯಾಗಿಯೇ ನಡೆಯುವದು. ರಿಲೀಸ್ ರೂಪದಲ್ಲಿ ಮಾತ್ರ ಪಾಠವನ್ನು ತೆರೆಯುವ ಕೆಲಸವೇ ನಡೆಯದು. ಅಂಚಿನ ಟಿಪ್ಪಣಿಯಲ್ಲಿ ಮುಖ್ಯ ವಾಕ್ಯವನ್ನು ಬರೆದಿಟ್ಟು, ಪೂರ್ಣಮುದ್ರಣದಲ್ಲಿ ಅಂಚನ್ನು ಕತ್ತರಿಸಿದಂತಾಯಿತು. ಪರೀಕ್ಷೆಗಾಗಿ ಇಟ್ಟ ಸಾಲು ಪರೀಕ್ಷೆಯನ್ನಷ್ಟೇ ಮಾಡಬೇಕು. ಕೊಡುವ ಮುನ್ನ ಕೊಡಬೇಕಾದ ರೂಪವನ್ನೇ ಒಮ್ಮೆ ಕಟ್ಟಿ, ಕೊಡಬೇಕಾದ ಯಂತ್ರದಲ್ಲಿಯೇ ನಡೆಸಿ ನೋಡಬೇಕು.

7. ವಿದ್ಯಾರ್ಥಿಗಳಿಗೂ ಪಾಲಕರಿಗೂ

ಇಷ್ಟು ಸೂಕ್ಷ್ಮವಾದ ವಿಷಯವನ್ನು ಶಾಲೆಯ ಸಂಚಿಕೆಯಲ್ಲಿ ಏಕೆ ಹೇಳಿದೆವೆಂದು ಪಾಲಕರು ಕೇಳಬಹುದು. ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಗಣಕಶಾಸ್ತ್ರವು ಒಗ್ಗಲಾರದೆಂಬ ಅಂಜಿಕೆಯು ಅನೇಕ ಮನೆಗಳಲ್ಲಿದೆ. ಈ ಅಂಜಿಕೆಯಿಂದಲೇ ಕೆಲವರು ಮಕ್ಕಳನ್ನು ನಡುವಿನ ಇಯತ್ತೆಯಲ್ಲಿ ಬಿಡಿಸಿ ಬೇರೆ ಮಾಧ್ಯಮಕ್ಕೆ ಸೇರಿಸುವದೂ ಉಂಟು. ಮೇಲಿನ ವಿವೇಚನೆಯಲ್ಲಿ ಇಂಗ್ಲಿಷಿನಿಂದ ಬಂದ ಹೆಸರುಗಳು ಹಲವಿವೆ, ನಿಜ, ಅವನ್ನು ಕಲಿಯಲೇಬೇಕು. ಆದರೆ ವಿಚಾರದ ಎಳೆಯಲ್ಲಿ ಕನ್ನಡದಿಂದ ತಿಳಿಯಲಾರದ ಒಂದು ಗಂಟೂ ಇಲ್ಲ. ಕ್ರಮವಾಗಿ ಕೇಳುವದು, ಊಹಿಸದೆ ಪರೀಕ್ಷಿಸುವದು, ಕರಡನ್ನೂ ಪೂರ್ಣವನ್ನೂ ಬೇರೆಯಾಗಿಡುವದು ಇವು ಯಾವ ಒಂದು ಭಾಷೆಯ ಸ್ವತ್ತೂ ಅಲ್ಲ.

ಇನ್ನೊಂದು ಮಾತು. ಕನ್ನಡದ ಕಡತವು ತೆರೆಯದಿದ್ದಾಗ, ಒತ್ತಕ್ಷರವು ಒಡೆದು ಕಾಣಿಸಿದಾಗ, "ಕನ್ನಡವೇ ಹೀಗೆ" ಎಂದು ಕೈಚೆಲ್ಲುವವರುಂಟು. ದೋಷವು ಕನ್ನಡದ್ದಲ್ಲ, ಕೇಳಬೇಕಾದುದನ್ನು ಕೇಳದೆ ಕಟ್ಟಿದವರದು, ತಿಳಿದವರು ತಿದ್ದಬಲ್ಲರು. ಹಾರ್ಫ್‌ಬಜ್‌ನಂಥ ತಂತ್ರಾಂಶಗಳ ಮೂಲಪಾಠವು ಯಾರು ಬೇಕಾದರೂ ಓದುವಂತೆ, ತಿದ್ದುಪಡಿಯನ್ನು ಸೂಚಿಸುವಂತೆ ತೆರೆದಿಟ್ಟಿದೆ. ಅಕ್ಕಲಕೋಟದ ಒಂದು ಮಗುವು ನಾಳೆ ಆ ಕೆಲಸಕ್ಕೆ ಕೈಹಚ್ಚಿದರೆ, ಅದರ ಫಲವು ಇಡೀ ಕನ್ನಡ ನಾಡಿಗೂ, ಗಡಿಯಾಚೆಯ ಕನ್ನಡಿಗರಿಗೂ ಒಂದೇ ಸಲ ಮುಟ್ಟುವದು.

ನೆನಪಿಡತಕ್ಕ ನಿಯಮಗಳು ಐದು:

1. ಕಿರಿದಾದ ಪ್ರಶ್ನೆಯನ್ನು ಮೊದಲು ಕೇಳು. ವಿಶಾಲವಾದುದನ್ನು ಆಮೇಲೆ ಕೇಳು.
2. ಗುಣವನ್ನು ಕೇಳಲು ಬರುವಲ್ಲಿ ಹೆಸರನ್ನು ಕೇಳಬೇಡ.
3. ಕಟ್ಟುವ ಯಂತ್ರವನ್ನೂ ನಡೆಯುವ ಯಂತ್ರವನ್ನೂ ಬೆರೆಸಬೇಡ.
4. ಗೊತ್ತಿಲ್ಲದ್ದು ಎದುರಾದರೆ ಊಹಿಸದೆ ನಿಲ್ಲು. ನಿಂತ ಕಾರಣವನ್ನು ಹೇಳು.
5. ಪರೀಕ್ಷೆಯ ಸಾಲಿನಲ್ಲಿ ಕೆಲಸದ ಸಾಲನ್ನು ಬಚ್ಚಿಡಬೇಡ.

ಅಭ್ಯಾಸ

1. "ಸೊಲ್ಲಾಪುರ" ಎಂಬ ಹೆಸರಿನಲ್ಲಿ ಎಷ್ಟು ಯುನಿಕೋಡ್ ಸಂಕೇತಗಳಿವೆ? ಯುಟಿಎಫ್-8ರಲ್ಲಿ ಎಷ್ಟು ಬೈಟುಗಳಾಗುವವು? ಯುಟಿಎಫ್-16ರಲ್ಲಿ ಎಷ್ಟು?

2. ಮ್ಯಾಕ್ ಮತ್ತು ಐಫೋನ್ ಎರಡಕ್ಕೂ ಆಪಲ್ ಎಂಬ ಗುರುತು ಇರುವದರಿಂದ, ಇವೆರಡನ್ನು ಬೇರ್ಪಡಿಸುವ ಪ್ರಶ್ನೆಯನ್ನು ಎಲ್ಲಿ ಕೇಳಬೇಕು? ಕಾರಣ ಕೊಡಿರಿ.

3. ಕೆಳಗಿನ ಪ್ರಶ್ನೆಗಳನ್ನು ಕಟ್ಟುವಾಗ ಕೇಳಬೇಕೋ, ನಡೆಯುವಾಗ ಕೇಳಬೇಕೋ ವಿಂಗಡಿಸಿರಿ: ಕನ್ನಡದ ಫಾಂಟು ಇದೆಯೆ? ಇದು ವಿಂಡೋಸಿಗಾಗಿ ಕಟ್ಟಿದುದೆ? ಯಂತ್ರದಲ್ಲಿ ಸ್ಥಳವು ಉಳಿದಿದೆಯೆ?

4. ನಿಮ್ಮ ಮನೆಯ ಫೋನಿನಲ್ಲಿ ಕನ್ನಡದ ಹೆಸರಿನ ಒಂದು ಕಡತವನ್ನು ಮಾಡಿ, ಶಾಲೆಯ ಗಣಕಯಂತ್ರಕ್ಕೆ ತಂದು ತೆರೆಯಿರಿ. ಹೆಸರು ಹಾಗೆಯೇ ಇದೆಯೆ? ಕಂಡುದನ್ನು ಐದು ವಾಕ್ಯಗಳಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿರಿ.